ಬಾಲದಲ್ಲಿ ನಿಂತವನ ಮಾತು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ಮೊದಲು ನಗುತ್ತಿದ್ದವನು ನಾನು. ನಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಪ್ಪ, ಸೋದರತ್ತೆ ಎಲ್ಲರೂ ಮಾತಿನವರೇ. ಅವರ ಮಗ್ಗುಲಲ್ಲಿ ಕೂತು ಕೇಳಿಯೇ ನನಗೆ ಕನ್ನಡ ಬಂದದ್ದು. ಅವರ ಹತ್ತಿರ ದೆವ್ವ, ಗಾಳಿ, ಮೈಮೇಲೆ ಬರುವುದು ಇಂಥವಕ್ಕೆ ಬರಗಾಲವೇ ಇರಲಿಲ್ಲ. ನಾನು ಅವರ ಮಾತನ್ನಷ್ಟೇ ತೆಗೆದುಕೊಂಡೆ, ನಂಬಿಕೆಯನ್ನು ಅಲ್ಲೇ ಬಿಟ್ಟು ಮುಂಬಯಿಗೆ ಬಂದೆ. ಯಾರಾದರೂ "ನನಗೆ ಹೀಗಾಯಿತು" ಎಂದು ಕಣ್ಣರಳಿಸಿ ಹೇಳತೊಡಗಿದರೆ, "ಹಿಂದಿನ ರಾತ್ರಿ ಊಟಕ್ಕೆ ಏನಿತ್ತು?" ಎಂದು ಕೇಳಿ ಅವರ ಮುಖ ಸಪ್ಪಗಾಗುವುದನ್ನು ನೋಡುವುದೇ ನನಗೊಂದು ಮೋಜು.

ಈಗ ಆ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ಉತ್ತರ ಸಿದ್ಧವಿದೆ. ಹಿಂದಿನ ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಚೆನ್ನಾಗಿ ನಿದ್ದೆಯೂ ಬಂದಿತ್ತು. ನನಗಾದದ್ದು ಕತ್ತಲಲ್ಲಿ ಆದದ್ದೂ ಅಲ್ಲ. ಬೆಳಗಿನ ಚಹಾ ಕುಡಿದಾದ ಮೇಲೆ, ಒಳ್ಳೆಯ ಬಿಸಿಲಲ್ಲಿ, ಪರಿಚಯದ ಜನರ ಎದುರಿಗೆ ಆದದ್ದು. ಕತ್ತಲೆಯ ಮೇಲಾದರೂ ತಪ್ಪು ಹೊರಿಸೋಣವೆಂದರೆ ಆ ದಾರಿಯೂ ನನಗಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಆಗ ಸಯನ್‌ನಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ ಬಾಡಿಗೆಗಿದ್ದೆ. ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ನಮ್ಮ ಮೇಲಿನ ಮಾಳಿಗೆಯಲ್ಲಿ ಭೀಮು ಕಾಕಾ ಮತ್ತು ಕಾಕು ಇದ್ದರು. ಧಾರವಾಡದ ಕಡೆಯವರು. ಭೀಮರಾವ್ ಎಂಬ ಹೆಸರಷ್ಟೇ ದಪ್ಪ. ಆಳು ಊದುಬತ್ತಿಯ ಕಡ್ಡಿ. ವಯಸ್ಸಿನಲ್ಲಿದ್ದಾಗ ವಿಮಾನ ಓಡಿಸಿದವರು. ಟಪಾಲಿನ ಚೀಲ, ಔಷಧದ ಪೆಟ್ಟಿಗೆ, ಒಮ್ಮೊಮ್ಮೆ ಒಬ್ಬಿಬ್ಬರು ಜನ, ಹೀಗೆ ಏನು ಸಿಕ್ಕಿತೋ ಅದನ್ನು ಹೊತ್ತು ಹಾರಿದವರು. ನೌಕರಿ ಮುಗಿದಿದ್ದರೂ ಲೈಸೆನ್ಸನ್ನು ಮಾತ್ರ ಬಿಟ್ಟಿರಲಿಲ್ಲ. ವರ್ಷ ವರ್ಷವೂ ಡಾಕ್ಟರರ ಮುಂದೆ ನಿಂತು, ಕಣ್ಣು ಕಿವಿ ಎದೆ ಎಲ್ಲ ತೋರಿಸಿ, ಅದನ್ನು ಜೀವಂತ ಇಟ್ಟುಕೊಂಡಿದ್ದರು. ಕಾಕು ಆ ಲೈಸೆನ್ಸಿಗೆ "ಸವತಿ" ಎಂದು ಹೆಸರಿಟ್ಟಿದ್ದರು.

ಜುಹೂ ವಿಮಾನ ಬಯಲಿನ ಒಂದು ಮೂಲೆಯ ತಗಡಿನ ಶೆಡ್ಡಿನಲ್ಲಿ ಹಳೆಯ ತರಬೇತಿ ವಿಮಾನವೊಂದು ಬಿದ್ದುಕೊಂಡಿತ್ತು. ಈಗಿನವರು ವಿಮಾನವೆಂದರೆ ಕಣ್ಣಮುಂದೆ ತಂದುಕೊಳ್ಳುವಂಥದ್ದಲ್ಲ. ಮೇಲೊಂದು ಕೆಳಗೊಂದು ಎರಡು ಜೋಡಿ ರೆಕ್ಕೆ. ಒಳಗೆ ಮರದ ಪಕ್ಕೆಲುಬು, ಹೊರಗೆ ಬಟ್ಟೆಯ ಚರ್ಮ. ಹಿಂದೊಂದು ಮುಂದೊಂದು ತೆರೆದ ಕುಳಿ, ಅದರಲ್ಲಿ ಕೂರುವುದು. ಯಾವ ಕಾಲದಲ್ಲೋ ಭೀಮು ಕಾಕಾ ಹಾರಲು ಕಲಿತದ್ದು ಇದೇ ವಿಮಾನದಲ್ಲಿ. ಅದು ಗುಜರಿಗೆ ಹೋಗುತ್ತದೆಂದು ಕೇಳಿ ಕೆಲವರನ್ನು ಕೂಡಿಸಿ ಒಂದು ಮಂಡಳಿ ಮಾಡಿದ್ದರು. ಸಂಬಳವಿಲ್ಲ, ಲಾಭವಿಲ್ಲ. ರವಿವಾರ ರವಿವಾರ ಹೋಗಿ ಅದನ್ನು ಒರೆಸುವುದು, ಬಿಚ್ಚುವುದು, ಜೋಡಿಸುವುದು. ನಾವು ಅದಕ್ಕೆ "ಹಳೇ ವಿಮಾನ ಉಳಿಸುವ ಮಂಡಳಿ" ಎನ್ನುತ್ತಿದ್ದೆವು. ನಮ್ಮ ಹೆಂಡಂದಿರು "ಗುಜರಿ ಮಂಡಳಿ" ಎನ್ನುತ್ತಿದ್ದರು.

ನಾನು ಅದರಲ್ಲಿ ಸೇರಿದ್ದು ನನ್ನ ಗಂಟಲಿನಿಂದ. ಬಿಲ್ಡಿಂಗಿನ ಗಣಪತಿ ಹಬ್ಬದಲ್ಲಿ ಮೈಕು ಕೆಟ್ಟರೆ ನನ್ನನ್ನೇ ಕರೆಯುತ್ತಿದ್ದರು. ಒಂದು ಸಲ ನಾನು ಕೂಗಿದ್ದನ್ನು ಕೇಳಿ ಕಾಕಾ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದರು.

"ಈ ಗಂಟಲಾ ಆರತಿ ಒದರೂದರಾಗ ಯಾಕ ಹಾಳ ಮಾಡಕೊಳ್ಳಾಕತ್ತೀಯೋ? ರವಿವಾರ ನನ್ನ ಕೂಡ ಬಾ. ನಿನಗೊಂದು ಛಲೋ ಕೆಲಸಾ ಕೊಡತೇನಿ."

ಆ ಛಲೋ ಕೆಲಸ ಯಾವುದೆಂದರೆ ವಿಮಾನದ ಬಾಲದ ಹಿಂದೆ ನಿಂತು ಕೂಗುವುದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ವಿಮಾನದ ಬಾಲದ ತುದಿಯಲ್ಲಿ ಬಾಗಿಲ ಕದದ ಹಾಗೆ ಆಚೆ ಈಚೆ ತಿರುಗುವ ರಡ್ಡರ್ ಇರುತ್ತದೆ. ಅದರ ಬುಡದಲ್ಲಿ ಮೇಲೆ ಕೆಳಗೆ ಆಡುವ ಒಂದು ಅಡ್ಡ ಪಟ್ಟಿ. ಕುಳಿಯಲ್ಲಿ ಕೂತವನು ಕಾಲಿನಿಂದ ಒತ್ತಿದರೆ, ಕೈಯಲ್ಲಿರುವ ಕೋಲನ್ನು ಎಳೆದರೆ, ಹೊಟ್ಟೆಯೊಳಗಿನ ಉದ್ದನೆಯ ತಂತಿಗಳು ಇವನ್ನು ಆಡಿಸುತ್ತವೆ. ಬಿಚ್ಚಿ ಜೋಡಿಸುವಾಗ ತಂತಿಗಳು ಅದಲು ಬದಲಾದರೆ, ಎಡಕ್ಕೆ ಒತ್ತಿದಾಗ ರಡ್ಡರ್ ಬಲಕ್ಕೆ ಹೊರಳುತ್ತದೆ. ನೆಲದ ಮೇಲೆ ಅದು ನಗುವ ಮಾತು. ಆಕಾಶದಲ್ಲಿ ಅದೇ ಕೊನೆಯ ಮಾತು. ಹಾಗಾಗಿ ಪ್ರತಿ ಸಲವೂ ಒಬ್ಬನು ಕುಳಿಯಲ್ಲಿ ಕೂತು "ಎಡಕ್ಕ!" ಎಂದು ಒತ್ತಬೇಕು. ಬಾಲದ ಹಿಂದೆ ನಿಂತವನು ತಾನು ಕಣ್ಣಾರೆ ಕಂಡದ್ದನ್ನು ಗಟ್ಟಿಯಾಗಿ ಹೇಳಬೇಕು: "ಎಡಕ್ಕ ಹೋತ್ರಿ!"

ಕಾಕಾ ಮೊದಲ ದಿನವೇ ನನಗೊಂದು ನಿಯಮ ಹೇಳಿಕೊಟ್ಟಿದ್ದರು. "ಬಾಲದಾಗ ನಿಂತಾಂವ ಹೇಳಿದ್ದ ಕಡೀ ಮಾತು. ಕುಂತಾಂವ ಎಷ್ಟ ದೊಡ್ಡಾಂವ ಇರವಲ್ಲನ್ಯಾಕ, ವಾದಾ ಮಾಡಂಗಿಲ್ಲ. ನನಗ ಕಲಿಸಿದಾಂವ ಇದನ್ನ ಕಿವಿ ಹಿಂಡಿ ಕಲಿಸ್ಯಾನ." ಆ ಕಲಿಸಿದವನು ಯಾರೆಂದು ಕೇಳಿದೆ. ಅವರು ರಡ್ಡರಿನ ಬಟ್ಟೆಯ ಮೇಲಿನ ಧೂಳು ಒರೆಸುತ್ತ, "ಇದ್ದ ಒಬ್ಬ, ಈಗಿಲ್ಲ" ಎಂದರು, ಅಷ್ಟೇ.

ಎರಡು ವರ್ಷಕ್ಕೂ ಮೇಲೆ ನಾನು ಅಲ್ಲಿ ನಿಂತು ಕೂಗಿದೆ. ಒಂದು ಸಲವೂ ತಪ್ಪಲಿಲ್ಲ. ತಪ್ಪುವುದಕ್ಕೆ ಅದರಲ್ಲಿ ಏನೂ ಇಲ್ಲ. ಕಂಡದ್ದನ್ನು ಹೇಳುವುದು, ಅಷ್ಟೇ ತಾನೆ.

ಮಂಡಳಿಯ ಇನ್ನಿಬ್ಬರ ಪರಿಚಯ ಮಾಡಿಕೊಟ್ಟರೆ ಸಾಕು. ಒಬ್ಬರು ಖಾದರ್ ಸಾಹೇಬರು. ಬಿಜಾಪುರದವರು, ಮಲಾಡ್ ಮಾರ್ಕೆಟ್ಟಿನಲ್ಲಿ ಸೋಫಾ, ಗಾದಿ ಹೊಲಿಯುವ ಅಂಗಡಿ. ರೆಕ್ಕೆಗಳಿಗೆ ಹೊಸ ಬಟ್ಟೆ ಹೊದಿಸಿ ಹೊಲಿದವರು ಅವರೇ. ಆ ಬಟ್ಟೆ ಬಿಗಿಯಾಗಲೆಂದು ಬಳಿಯುವ ವಾರ್ನಿಶ್ಶಿಗೆ ಕೊಳೆತ ಬಾಳೆಹಣ್ಣಿನ ವಾಸನೆ. "ಮನಿಗೆ ಹೋದರ ನಮ್ಮಾಕಿ ಕೇಳ್ತಾಳ, ಏನ್ ಮಿಯಾ, ಹಣ್ಣಿನ ಗಾಡಿ ಇಟ್ಟೀರೇನು ಅಂತ" ಎಂದು ನಗಿಸುತ್ತಿದ್ದರು. ನನಗೆ "ಬಾಲಂಗೋಚಿ" ಎಂದು ಹೆಸರಿಟ್ಟವರೂ ಅವರೇ. ಇನ್ನೊಬ್ಬರು ದೇವಧರ, ಮರಾಠಿಯವರು. ಪವಾಯಿಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಎಂಜಿನ್ನಿನ ಕೆಲಸ, ಅರ್ಜಿ ಬರೆಯುವ ಕೆಲಸ ಎರಡೂ ಅವರದೇ. ಕನ್ನಡದಲ್ಲಿ ಅವರಿಗೆ ಬರುತ್ತಿದ್ದದ್ದು ನಾವು ಕೂಗುವ ನಾಲ್ಕು ಶಬ್ದ ಮಾತ್ರ: ಎಡಕ್ಕ, ಬಲಕ್ಕ, ಮ್ಯಾಲ, ಕೆಳಗ.

ಹೀಗಿರುವಾಗ ಶೆಡ್ಡು ಖಾಲಿ ಮಾಡಬೇಕೆಂದು ಅಪ್ಪಣೆ ಬಂತು. ಮಳೆಗಾಲ ಹಿಡಿಯುವುದರೊಳಗೆ ವಿಮಾನ ಅಲ್ಲಿಂದ ಹೋಗಬೇಕು, ಇಲ್ಲವಾದರೆ ಗುಜರಿಯವನಿಗೆ. ಆ ಬೇಸಿಗೆಯಲ್ಲಿ ನಾವು ಹತ್ತದ ಮೆಟ್ಟಿಲಿಲ್ಲ. ವಸ್ತುಸಂಗ್ರಹಾಲಯದವರು ಜಾಗವಿಲ್ಲ ಎಂದರು. ಒಂದು ಶಾಲೆಯವರು ಮಕ್ಕಳು ಹತ್ತಿ ಕೈಕಾಲು ಮುರಿದುಕೊಂಡಾರು ಎಂದರು. ಉದ್ಯಾನವನದ ಅಧಿಕಾರಿಯೊಬ್ಬರು ಮಾತ್ರ ಬಹಳ ಉತ್ಸಾಹ ತೋರಿಸಿದರು. ರೆಕ್ಕೆ ಕಿತ್ತು ಕೊಟ್ಟರೆ ಬೆನ್ನ ಮೇಲೆ ತಗಡು ಹಾಕಿ ಜಾರುಬಂಡಿ ಮಾಡುತ್ತೇವೆ ಎಂದರು. ಕಾಕಾ ಅವರಿಗೆ ನಮಸ್ಕಾರ ಮಾಡಿ ಎದ್ದು ಬಂದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದರು. ಮಗಳ ಮದುವೆ ಎಲ್ಲೂ ಗೊತ್ತಾಗದ ತಂದೆಯ ಮುಖ ಹಾಗಿರುತ್ತದೆ.

ಕೊನೆಗೆ ದಕ್ಷಿಣದ ಕಡೆಯ ಒಂದು ಹಾರಾಟದ ಕ್ಲಬ್ಬಿನವರು ಒಪ್ಪಿದರು. ಅವರದೊಂದೇ ಷರತ್ತು. ವಿಮಾನ ತಾನೇ ಹಾರಿಕೊಂಡು ಬರಬೇಕು. ಲಾರಿಯ ಮೇಲೆ ತುಂಡುತುಂಡಾಗಿ ಬಂದರೆ ಬೇಡ. ಅವರ ಹತ್ತಿರವೂ ಅಂಥ ತುಂಡುಗಳು ಬೇಕಾದಷ್ಟಿದ್ದವಂತೆ.

ಆಮೇಲೆ ನಮಗೆ ಹಗಲು ರಾತ್ರಿ ತಿಳಿಯಲಿಲ್ಲ. ದೇವಧರ ಎಂಜಿನ್ನನ್ನು ಮಾತಾಡಿಸಿದರು. ಖಾದರ್ ಸಾಹೇಬರು ಅಂಗಡಿ ಮುಚ್ಚಿ ಬಂದು ಕೂತರು. ಓಡಿಸುವವರು ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಕಾಕಾನನ್ನು ಬಿಟ್ಟರೆ ಅದನ್ನು ಓಡಿಸಬಲ್ಲ ಇನ್ನೊಬ್ಬನನ್ನು ನಾವು ಹುಡುಕಿಯೂ ಇರಲಿಲ್ಲ. ಶನಿವಾರ ಸರಕಾರಿ ಇನ್ಸ್‌ಪೆಕ್ಟರು ಬಂದು ತಂತಿ, ಮೊಳೆ, ಬಟ್ಟೆ, ಎಲ್ಲವನ್ನೂ ಮುಟ್ಟಿ ಎಳೆದು ನೋಡಿ ಸಹಿ ಹಾಕಿದರು. ಅವರ ಮುಂದೆಯೂ ನಾನೇ ಬಾಲದಲ್ಲಿ ನಿಂತು ಕೂಗಿದೆ. ಎಲ್ಲ ಸರಿಯಿತ್ತು. ಹಾರಲು ಅಪ್ಪಣೆ ಸಿಕ್ಕಿದ್ದು ಮರುದಿನ ರವಿವಾರಕ್ಕೆ ಮಾತ್ರ.

ಆ ರವಿವಾರದ ಬೆಳಗ್ಗೆ ಕಾಕು ದಾರಿಯ ಬುತ್ತಿ ಕಟ್ಟಿಕೊಟ್ಟರು. ಚಪಾತಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರನ್ನ. "ಹಾರಿ ಹೋಗಾವ್ರಿಗೂ ಹೊಟ್ಟಿ ಅನ್ನೂದು ಇರತದಲ್ಲ" ಎಂದರು. ನಗುತ್ತಲೇ ಅಂದರು, ಆದರೆ ಬುತ್ತಿಯ ಗಂಟನ್ನು ಕೈಯಿಂದ ಬಿಡಲು ಸ್ವಲ್ಪ ತಡಮಾಡಿದರು.

ನನ್ನ ಮನಸ್ಸು ಆಗ ಹೇಗಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ನನಗೆ ಭಯವಿರಲಿಲ್ಲ. ಕಾಕಾ ಹಾರಬೇಕು ಎಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದರೆ, ಆ ಬೆಳಗ್ಗೆ ದಾದರಿನಲ್ಲಿ ಗಾಡಿ ಬದಲಿಸುವಾಗ ಮನಸ್ಸಿನಲ್ಲೇ ದೇವರಿಗೆ ಒಂದು ಕಾಯಿ ಹೇಳಿಕೊಂಡಿದ್ದೆ. ದೇವರ ವಿಷಯದಲ್ಲೂ ನಾನು ಅಷ್ಟಕ್ಕಷ್ಟೇ, ಆದರೂ.

ವಿಮಾನವನ್ನು ಹೊರಗೆ ತಳ್ಳಿ ಚಕ್ರಕ್ಕೆ ಮರದ ತುಂಡು ಕೊಟ್ಟೆವು. ಸಮುದ್ರದ ಕಡೆಯಿಂದ ಮೆಲ್ಲನೆ ಗಾಳಿ. ಹೊಸ ಬಟ್ಟೆ ಬಿಸಿಲಿಗೆ ಹೊಳೆಯುತ್ತಿತ್ತು. ಎಲ್ಲರೂ ಚಹಾ ಕುಡಿದೆವು. ಕಾಕಾ ಕುಳಿಯಲ್ಲಿ ಹತ್ತಿ ಕೂತು ಸೊಂಟದ ಪಟ್ಟಿ ಬಿಗಿದುಕೊಂಡರು. ನಾನು ನನ್ನ ಜಾಗಕ್ಕೆ, ಬಾಲದ ಹಿಂದಕ್ಕೆ, ಹೋಗಿ ನಿಂತೆ.

"ಎಡಕ್ಕ!" ಎಂದರು ಕಾಕಾ.

ರಡ್ಡರ್ ಎಡಕ್ಕೆ ತಿರುಗಿತು. ನಾನು ನೋಡಿದೆ. "ಬಲಕ್ಕ ಹೋತ್ರಿ!" ಎಂದೆ.

ಖಾದರ್ ಸಾಹೇಬರು ಮೊದಲು ನಕ್ಕರು. "ಏನ್ರೀ ಬಾಲಂಗೋಚಿ, ಉಣ್ಣೂ ಕೈ ಯಾವ್ದು ಅನ್ನೂದ ಮರ್ತೀರೇನು?" ನಾನೂ ನಕ್ಕೆ. ಬಾಯಿ ತಪ್ಪಿತು ಎಂದುಕೊಂಡು, ತಪ್ಪಾಯಿತು ಎಂಬಂತೆ ಕೈ ಎತ್ತಿದೆ. ಕಾಕಾ ಮತ್ತೆ "ಎಡಕ್ಕ!" ಎಂದು ಒತ್ತಿದರು. ರಡ್ಡರ್ ಮತ್ತೆ ಎಡಕ್ಕೆ ಬಂತು. ಈ ಸಲ ನಾನು ಗಮನವಿಟ್ಟು, ಎಡಕ್ಕೆ ಎಂಬ ಮಾತನ್ನು ನಾಲಿಗೆಯ ಮೇಲೆ ಏಲಕ್ಕಿಯ ಹಾಗೆ ಇಟ್ಟುಕೊಂಡು, ಬಾಯಿ ತೆರೆದೆ.

"ಬಲಕ್ಕ ಹೋತ್ರಿ!"

ಓದುವವರೇ, ಇದನ್ನು ಹೇಗೆ ತಿಳಿಸಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ಬಾಯಿ ತಪ್ಪುವುದು ಹೇಗಿರುತ್ತದೆಂದು ನಮಗೆಲ್ಲ ಗೊತ್ತು. ಅಂದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇವೆ. ಇದು ಹಾಗಿರಲಿಲ್ಲ. ಕಣ್ಣು ನನ್ನದು, ಅದು ಕಂಡದ್ದು ಎಡ. ಮನಸ್ಸು ನನ್ನದು, ಅದು ಅಂದುಕೊಂಡದ್ದು ಎಡ. ಬಾಯಿ ಮಾತ್ರ ಆ ಹೊತ್ತಿಗೆ ನನ್ನದಾಗಿರಲಿಲ್ಲ. ತುಂಬಿದ ಲೋಕಲ್ಲಿನ ಬಾಗಿಲಲ್ಲಿ ನಿಂತಾಗ ಹಿಂದಿನವರು ತಳ್ಳಿದರೆ ನಮ್ಮ ಕಾಲು ತಾನಾಗಿ ಪ್ಲಾಟ್‌ಫಾರ್ಮಿಗೆ ಇಳಿದುಬಿಡುತ್ತದಲ್ಲ, ಹಾಗೆ ಆ ಮಾತು ಇಳಿದು ಹೋಯಿತು.

ಇದು ತಮಾಷೆಯ ಹೊತ್ತೇ ಎಂದು ದೇವಧರರಿಗೆ ಸಿಟ್ಟು ಬಂತು. "ಅರೇ ಭಾಯಿ, ಯೇ ಮಜಾಕ್ ಕಾ ಟೈಮ್ ಹೈ ಕ್ಯಾ?" ಎಂದರು. ಕಾಕಾ ಕತ್ತು ತಿರುಗಿಸಿದರು. ಆದರೆ ಕುಳಿಯಿಂದ ಬಾಲ ಕಾಣುವುದಿಲ್ಲ. "ನೆಟ್ಟಗ ನೋಡಿ ಹೇಳೋ" ಎಂದರು, ಮೆತ್ತಗೆ. ಬಲಕ್ಕೆ ಒತ್ತಿದರು, ನಾನು ಎಡಕ್ಕೆ ಎಂದೆ. ಕೋಲನ್ನು ಎಳೆದರು. ಅಡ್ಡ ಪಟ್ಟಿ ಮೇಲೆದ್ದದ್ದು ನನಗೆ ಕಾಣುತ್ತಿತ್ತು. ನನ್ನ ಗಂಟಲು "ಕೆಳಗ" ಎಂದು ಬಯಲಿಗೆಲ್ಲ ಕೇಳುವ ಹಾಗೆ ಕೂಗಿತು.

ಆಗ ನಗು ನಿಂತಿತು. ದೇವಧರ ಓಡಿ ಬಂದು ಬಾಲದ ಹತ್ತಿರ ತಾವೇ ಕೂತು ನೋಡಿದರು. ಎಲ್ಲವೂ ಸರಿ. ಖಾದರ್ ಸಾಹೇಬರು ನನ್ನನ್ನು ಪಕ್ಕಕ್ಕೆ ಸರಿಸಿ ನನ್ನ ಜಾಗದಲ್ಲಿ ನಿಂತು ಕೂಗಿದರು. ಎಡ ಎಂದರೆ ಎಡ, ಬಲ ಎಂದರೆ ಬಲ. ತಂತಿಗಳಲ್ಲಿ ತಪ್ಪಿಲ್ಲ, ಬಾಲದಲ್ಲಿ ತಪ್ಪಿಲ್ಲ. ತಪ್ಪು ನನ್ನ ಬಾಯಲ್ಲಿ ಮಾತ್ರ.

"ಕಾಕಾ, ನನ್ನನ್ನ ಬಿಟ್ಟುಬಿಡ್ರಿ" ಎಂದೆ. ಅದನ್ನು ಹೇಳಲು ಬಾಯಿ ಬಂತು ನೋಡಿ! "ಖಾದರ್ ಸಾಹೇಬರು ನೋಡ್ಯಾರ. ದೇವಧರರು ನೋಡ್ಯಾರ. ನನಗ ಏನೋ ಆಗೇದ. ನೀವು ಹೋಗ್ರಿ."

ಕಾಕಾ ಕೋಲಿನಿಂದ ಕೈ ತೆಗೆದರು. "ಇನ್ನೊಮ್ಮೆ ಹೋಗಿ ನಿಲ್ಲು" ಎಂದರು.

ನಿಂತೆ. ಈ ಸಲ ಅವರು ಎಡ ಬಲ ಏನೂ ಅನ್ನಲಿಲ್ಲ. ಏನನ್ನೂ ಒತ್ತಲಿಲ್ಲ, ಎಳೆಯಲಿಲ್ಲ. ಬಾಲ ಅಲ್ಲಾಡದೆ ನಿಂತಿತ್ತು. ಮುಂದೆ ನೋಡುತ್ತಲೇ "ಈಗ?" ಎಂದು ಕೇಳಿದರು.

ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳಬೇಕೆಂದುಕೊಂಡೆ. ಕೈ ಮೇಲೇಳಲಿಲ್ಲ.

"ಸಾಕು. ಇಳಿ."

ನನ್ನ ಗಂಟಲೇ. ಆದರೆ ಅದು ಕೂಗಿದ್ದಲ್ಲ, ಹತ್ತಿರದವನಿಗೆ ಹೇಳಿದ ಹಾಗೆ ಮೆಲ್ಲಗೆ ಬಂದದ್ದು. ತಂದೆಯ ವಯಸ್ಸಿನ ಹಿರಿಯರನ್ನು ಹಾಗೆ ಏಕವಚನದಲ್ಲಿ ಮಾತಾಡಿಸುವ ಪೈಕಿ ನಾನಲ್ಲ; ನಮ್ಮಜ್ಜಿ ಕೇಳಿದ್ದರೆ ಸೌಟು ತೆಗೆದುಕೊಳ್ಳುತ್ತಿದ್ದರು. ಅಷ್ಟು ಮೆಲ್ಲಗಿನ ಮಾತು ಅಷ್ಟು ದೂರ ಕಾಕಾನಿಗೆ ಕೇಳಿಸಬಾರದಿತ್ತು. ಪಕ್ಕದಲ್ಲೇ ಇದ್ದ ಖಾದರ್ ಸಾಹೇಬರು ಬೆಚ್ಚಿ ನನ್ನ ಮುಖ ನೋಡಿ "ಯಾ ಅಲ್ಲಾ" ಎಂದರು. ಕಾಕಾ ಪಟ್ಟಿ ಬಿಚ್ಚಿದರು. ಒಂದು ಕಾಲು ರೆಕ್ಕೆಯ ಮೇಲೆ, ಒಂದು ಕಾಲು ನೆಲಕ್ಕೆ, ಕಲಿಸಿದವನ ಮಾತು ಕೇಳುವ ವಿದ್ಯಾರ್ಥಿಯ ಹಾಗೆ ಇಳಿದು ನಿಂತರು.

ಆಮೇಲೆ ಜಗಳವಾಯಿತು. ಜಗಳ ಎಂದರೆ ದೇವಧರ ಒಬ್ಬರೇ ಮಾತಾಡಿದರು. ಇನ್ಸ್‌ಪೆಕ್ಟರ್ ಸಹಿ ಹಾಕಿದ್ದಾರೆ, ನಾಳೆ ಅಪ್ಪಣೆ ಇರುವುದಿಲ್ಲ, ಒಬ್ಬ ಗುಮಾಸ್ತನ ತಲೆ ತಿರುಗಿತೆಂದು ಇಷ್ಟು ವರ್ಷದ ಕೆಲಸ ಮಣ್ಣುಪಾಲೇ ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ, ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದರು. ಅವರ ಪ್ರತಿ ಮಾತೂ ನನಗೆ ಸರಿಯಾಗಿಯೇ ಕಂಡಿತು. ಖಾದರ್ ಸಾಹೇಬರು, "ನಾ ನಿಂತ ಹೇಳೀನಲ್ರೀ ಕಾಕಾ, ನನ್ನ ಮಾತಿಗೂ ಕಿಮ್ಮತ್ತಿಲ್ಲೇನು?" ಎಂದರು.

"ಐತಪಾ, ಕಿಮ್ಮತ್ತ ಐತಿ" ಎಂದರು ಕಾಕಾ. "ಆದರ ನಮಗ ಬೇಕಾದ ಉತ್ತರಾ ಸಿಗೂತನಕಾ ಬಾಲದಾಗಿನ ಮನಶ್ಯಾನ್ನ ಬದಲಿ ಮಾಡಕೋತ ಹೋದರ, ಅದಕ್ಕ ತಪಾಸಣಿ ಅನ್ನೂದಿಲ್ಲ."

ಅಷ್ಟೇ. ಅವರು ಹಾರಲಿಲ್ಲ. ರೆಕ್ಕೆಯ ನೆರಳಿನಲ್ಲಿ ಕೂತು ಕಾಕು ಕಟ್ಟಿದ ಬುತ್ತಿ ಬಿಚ್ಚಿ ನಮಗೆಲ್ಲ ಹಂಚಿದರು. ದೂರದ ಊರಿನಲ್ಲಿ ಉಣ್ಣಬೇಕಾಗಿದ್ದ ಚಪಾತಿಯನ್ನು ನಾವು ಹೊರಟ ಜಾಗದಲ್ಲೇ ಕೂತು ತಿಂದೆವು. ಆ ಹೊತ್ತಿಗೆ ನನ್ನ ಬಾಯಿ ಸರಿಯಾಗಿತ್ತು. ಗುಟ್ಟಾಗಿ ರಡ್ಡರಿನ ಕಡೆ ತಿರುಗಿ ಎಡ, ಬಲ ಎಂದು ಹೇಳಿ ನೋಡಿಕೊಂಡೆ. ಎಲ್ಲ ಸರಿಯಾಗಿಯೇ ಬಂತು. ಅದು ನನಗೆ ಇನ್ನಷ್ಟು ಸಂಕಟ ಕೊಟ್ಟಿತು.

ಮುಂದಿನ ವಾರ ಮೋಡ ಕಟ್ಟಿತು. ದೇವಧರ ಮತ್ತೆ ಅಪ್ಪಣೆಗೆ ಅಲೆದರು, ಸಿಗಲಿಲ್ಲ. ಬೇರೆ ಪೈಲಟ್ಟನ್ನು ಹುಡುಕಿದರು, ಸಿಗಲಿಲ್ಲ. ಕಾಕಾ ಅವರನ್ನು ತಡೆಯಲೂ ಇಲ್ಲ, ಜೊತೆಗೆ ಹೋಗಲೂ ಇಲ್ಲ. ತಿಂಗಳ ಕೊನೆಗೆ ಗುಜರಿಯವನ ಆಳುಗಳು ಕೊಡಲಿ ಹಿಡಿದು ಬಂದರು. ಖಾದರ್ ಸಾಹೇಬರು ಅವರನ್ನು ಹೊರಗೆ ನಿಲ್ಲಿಸಿ, "ಹೊಲಿದಾಂವ ನಾನು, ಬಿಚ್ಚಾಂವನೂ ನಾನ" ಎಂದು ಕತ್ತರಿ ತೆಗೆದು ರೆಕ್ಕೆಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದರು. ಕೊಡಲಿಯ ಏಟಿಗೆ ಬಟ್ಟೆ ಹರಿಯುವ ಸದ್ದು ತಮಗೆ ಕೇಳಲಾಗದು ಎಂದರು.

ನಾನು ಹೊಟ್ಟೆಯೊಳಗಿನ ತಂತಿಗಳನ್ನು ಒಂದೊಂದಾಗಿ ಎಳೆದು ತೆಗೆದು, ಬೆರಳಿನಿಂದ ಉದ್ದಕ್ಕೂ ತಡವಿ ನೋಡಿದೆ. ಎಲ್ಲಾದರೂ ಒಂದು ಎಳೆ ಹರಿದಿರಲಿ, ಒಂದು ಮೊಳೆ ಸಡಿಲಾಗಿರಲಿ, ಮರದಲ್ಲಿ ಒಂದು ಬಿರುಕಿರಲಿ ಎಂದು ಬೇಡಿಕೊಂಡೆ. ದೇವಧರ ಎಂಜಿನ್ನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ನಾನು ಅವರ ಕಡೆ ನೋಡಿದಾಗಲೆಲ್ಲ ತಲೆಯಾಡಿಸಿದರು. ಏನೂ ಇರಲಿಲ್ಲ. ಎಲ್ಲವೂ ಗಟ್ಟಿಮುಟ್ಟಾಗಿತ್ತು. ಹೊರಗೆ ಮಳೆ ಶುರುವಾಯಿತು, ಆಳುಗಳು ಅವಸರ ಮಾಡಿದರು. ನೋಡುತ್ತ ನಿಲ್ಲುವುದನ್ನು ಬಿಟ್ಟು ಮಾಡುವುದಕ್ಕೆ ಬೇರೆ ಏನೂ ಉಳಿದಿರಲಿಲ್ಲ.

ಆಮೇಲೆ ಎಲ್ಲರಿಗೂ ಒಂದೊಂದು ಸಮಾಧಾನ ಸಿಕ್ಕಿತು. ನಮ್ಮ ಬಿಲ್ಡಿಂಗಿನ ಕೆಳಗಿದ್ದ ಡಾಕ್ಟರು, ನಿನ್ನ ಒಳಮನಸ್ಸಿಗೆ ಭಯವಿತ್ತು, ಅದೇ ನಾಲಿಗೆ ತಿರುಗಿಸಿತು ಎಂದರು. ದೇವಧರ ನನಗೆ ತಲೆ ಸರಿಯಿಲ್ಲ ಎಂದುಕೊಂಡು ಸಿಟ್ಟು ಬಿಟ್ಟರು. ಖಾದರ್ ಸಾಹೇಬರು ಮಾತ್ರ ಆ ಮಾತೆತ್ತುತ್ತಿರಲಿಲ್ಲ, ಬಾಲಂಗೋಚಿ ಎಂದು ಕರೆಯುವುದನ್ನೂ ನಿಲ್ಲಿಸಿದರು. ಕಾಕು ಒಂದು ಮಧ್ಯಾಹ್ನ ಡಬ್ಬಿ ತುಂಬ ಶೇಂಗಾ ಉಂಡಿ ತಂದು ನನ್ನ ಮುಂದಿಟ್ಟು, ದನಿ ತಗ್ಗಿಸಿ ಕೇಳಿದರು.

"ನನ್ನ ಮುಂದರ ಖರೇ ಹೇಳಪಾ. ಅವ್ರು ಹೋಗಬಾರದಂತ ಬೇಕಂತನ ಹಂಗ ಅಂದ್ಯಲ್ಲ?"

"ಇಲ್ಲ ಕಾಕು, ದೇವರಾಣೆ ಇಲ್ಲ."

"ಹೇಳಬ್ಯಾಡ ಬಿಡು. ನಿನ್ನ ಉಪಕಾರ ನಾ ಮರಿಯಂಗಿಲ್ಲ" ಎಂದು ಕಣ್ಣೊರೆಸಿಕೊಂಡು ಹೋದರು. ಆ ಉಂಡಿಯನ್ನು ತಿನ್ನುವುದೋ, ಹಿಂದಿರುಗಿಸುವುದೋ ತಿಳಿಯಲಿಲ್ಲ. ನನ್ನ ಹೆಂಡತಿ ಮಕ್ಕಳಿಗೆ ಹಂಚಿದಳು.

ನಾನು ಒಬ್ಬ ಮನುಷ್ಯನ ಜೀವ ಉಳಿಸಿದೆನೋ, ಅವನು ಜೀವಮಾನವೆಲ್ಲ ಕಾದದ್ದನ್ನು ಕಿತ್ತುಕೊಂಡೆನೋ? ಹಾರಿದ್ದರೆ ತಾನೆ ಗೊತ್ತಾಗುವುದು. ಹಾರದ ವಿಮಾನ ಬೀಳುತ್ತಿತ್ತೋ ಇಲ್ಲವೋ ಎಂದು ಯಾರನ್ನು ಕೇಳಲಿ?

ಕಾಕಾ ಮುಂದೆ ಎಷ್ಟೋ ವರ್ಷ ಬದುಕಿದರು. ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ಲೈಸೆನ್ಸನ್ನು ಮಾತ್ರ ಮತ್ತೆ ಹೊಸದು ಮಾಡಿಸಲಿಲ್ಲ. ಆ ದಶಕದ ಕೊನೆಯ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಸಂಜೆ ಮಾರ್ಕೆಟ್ಟಿಗೆ ಹೋಗುವಾಗ ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು. ಒಂದು ಸಂಜೆ ಸಯನ್ ಸರ್ಕಲ್ಲಿನ ಹತ್ತಿರ ರಸ್ತೆ ದಾಟಲು ನಿಂತಿದ್ದೆವು.

"ಯಾವ ಕಡಿಂದ ಬರಾಕತ್ತಾವೋ ಗಾಡಿ?" ಎಂದರು.

"ಬಲಕ್ಕರಿ ಕಾಕಾ. ಲಾರಿ ಅದ, ನಿಲ್ಲರಿ."

ಅವರು ನಿಂತರು. ಲಾರಿ ಹೋಯಿತು. ಆಮೇಲೆ ನನ್ನ ಕಡೆ ಮುಖ ತಿರುಗಿಸಿ, ನಗುತ್ತಿದ್ದರೋ ಇಲ್ಲವೋ ಹೇಳಲಾರೆ, ಕೇಳಿದರು: "ಇದನ್ನ ಹೇಳಿದಾಂವ ನೀನೋ, ಅಂವನೋ?"

ಇಷ್ಟು ವರ್ಷದಲ್ಲಿ ಅವರು ಆ ದಿನದ ಮಾತೆತ್ತಿದ್ದು ಅದೊಂದೇ ಸಲ. "ಅಂವ ಅಂದರ ಯಾರ್ರೀ ಕಾಕಾ?"

"ನನಗೇನ ಕೇಳತೀ? ನಿನ್ನ ಬಾಯಾಗ ಇದ್ದಾಂವ, ನಿನಗ ಗೊತ್ತಿರಬೇಕು" ಎಂದರು. ರಸ್ತೆಯ ಕಡೆ ತಿರುಗಿ, "ಈಗ? ದಾಟೂಣೇನು?" ಎಂದರು.

ಆ ದಿನ ಕುಳಿಯಲ್ಲಿ ಕೂತು "ಈಗ?" ಎಂದು ಕೇಳಿದ ಅದೇ ಸ್ವರ. ನಾನು ಎರಡೂ ಕಡೆ ನೋಡಿದೆ. ರಸ್ತೆ ಖಾಲಿಯಿತ್ತು, ಚೆನ್ನಾಗಿ ಕಾಣುತ್ತಿತ್ತು. ದಾಟೂಣ ಬರ್ರಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಬಾಯಿ ತೆರೆಯಲು ಧೈರ್ಯ ಸಾಲಲಿಲ್ಲ. ತೆರೆದರೆ ಏನು ಬರುತ್ತದೋ ಎಂದು. ಅವರ ಕೈಯನ್ನು ಗಟ್ಟಿಯಾಗಿ ಹಿಡಿದು, ಏನೂ ಹೇಳದೆ, ಆಚೆ ದಡ ಮುಟ್ಟುವವರೆಗೆ ಎಳೆದುಕೊಂಡು ಹೋದೆ.

ಈಗ ಕಾಕಾ ಇಲ್ಲ, ಕಾಕು ಇಲ್ಲ. ನಾನು ಊರೆಲ್ಲ ಮಾತಾಡುವವನು, ನಮ್ಮ ಮನೆತನವೇ ಅಂಥದ್ದು. ಆದರೆ ಸ್ಟೇಷನ್ನಿನ ಹೊರಗೆ ಯಾರಾದರೂ ಹೊಸಬರು ಬಂದು ದಾರಿ ಕೇಳಿದರೆ ಎಡ ಬಲ ಎಂದು ಬಾಯಲ್ಲಿ ಹೇಳುವುದಿಲ್ಲ. ಕೈ ಎತ್ತಿ ತೋರಿಸುತ್ತೇನೆ. ಮೂಗನಿರಬೇಕು ಪಾಪ ಎಂದುಕೊಂಡು ಅವರು ಹೋಗುತ್ತಾರೆ.